ಶಿವರಾತ್ರಿಗೆ ಮಡಿ, ಯುಗಾದಿಗೆ ರಾಜಗಿರಿ

ನಾನು ಬಸ್ ಕಂಡಕ್ಟರ್. ಹುಬ್ಬಳ್ಳಿಯಲ್ಲಿ ಮನೆ. ಮನೆ ಹಿಂದೆ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಹಿತ್ತಲಿದೆ, ಪೂರ್ತಿ ಎರೆಮಣ್ಣು, ಅಂದರೆ ಕಪ್ಪು ಮಣ್ಣು. ಒಂದು ಮೂಲೆಯಲ್ಲಿ ನೀರಿನ ತೊಟ್ಟಿ, ಇನ್ನೊಂದು ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು. ಉಳಿದ ಜಾಗದಲ್ಲಿ ಒಂಬತ್ತು ವರ್ಷದಿಂದ ಮನೆಗೆ ಬೇಕಾದ ಕಾಯಿಪಲ್ಯ ಬೆಳೆಯುತ್ತಿದ್ದೇನೆ.

ಪ್ರತಿ ವರ್ಷ ಚಳಿ ಕಡಿಮೆಯಾಗುವ ಹೊತ್ತಿಗೆ ಡಿಪೋದಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. "ಬ್ಯಾಸಗಿ ಬಂತಲ್ರಿ, ಈಗ ಹಚ್ಚಿದ್ರ ಬರ್ತಾವೇನ್ರಿ?" ಬರುತ್ತವೆ. ಆದರೆ ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಶಿವರಾತ್ರಿ ಬಂದರೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ನಮ್ಮ ಕಡೆಯ ಹಿತ್ತಲಿಗೆ ಅದೇ ಪಂಚಾಂಗ. ಸಿದ್ಧಾರೂಢ ಮಠದ ಜಾತ್ರೆಗೆ ನಮಗೆಲ್ಲ ಜಾಸ್ತಿ ಡ್ಯೂಟಿ ಇರುತ್ತದೆ. ಆ ಗದ್ದಲ ಮುಗಿದ ವಾರವೇ ನಾನು ಬೀಜ ಹಾಕುವುದು. ಆಗ ರಾತ್ರಿ ಸ್ವಲ್ಪ ತಂಪು ಉಳಿದಿರುತ್ತದೆ, ಹಗಲು ಮಣ್ಣು ಬೆಚ್ಚಗಾಗಿರುತ್ತದೆ. ಬೆಂಡೆ, ಚವಳಿ (ಗೋರಿಕಾಯಿ), ಸೌತೆ, ಹೀರೆ ಎಲ್ಲಕ್ಕೂ ಬೆಚ್ಚಗಿನ ಮಣ್ಣು ಬೇಕು. ಸಂಕ್ರಾಂತಿಗೇ ಹಾಕಿದರೆ ಬೀಜ ತಂಪಿಗೆ ಸುಮ್ನೆ ಮಣ್ಣಲ್ಲಿ ಕೂತುಬಿಡುತ್ತದೆ. ಯುಗಾದಿ ದಾಟಿಸಿದರೆ ಸಸಿಗೆ ನಾಲ್ಕು ಎಲೆ ಇರುವಾಗಲೇ ಏಪ್ರಿಲ್ ಬಿಸಿಲು ಬಡಿಯುತ್ತದೆ. ಹುಬ್ಬಳ್ಳಿಯಲ್ಲಿ ಏಪ್ರಿಲ್ ಅಂದರೆ 37, 38 ಡಿಗ್ರಿ. ಗದಗದ ಕಡೆ ಇನ್ನೂ ಜಾಸ್ತಿ. ಧಾರವಾಡದವರು ಸ್ವಲ್ಪ ಪುಣ್ಯವಂತರು, ಅಲ್ಲಿ ಸಂಜೆಯಾದರೆ ಗಾಳಿ ತಂಪಾಗುತ್ತದೆ. ಆ ಬಿಸಿಲು ಬರುವುದರೊಳಗೆ ಗಿಡದ ಬೇರು ಆಳಕ್ಕೆ ಇಳಿದಿರಬೇಕು.

ಜಾಗ ಅಳೆಯಬೇಡಿ, ನೀರು ಅಳೆಯಿರಿ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮನೆಯಲ್ಲಿ ನೀರು ಎಷ್ಟಿದೆಯೋ ಅಷ್ಟೇ ತೋಟ.

ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ. ಬೇಸಿಗೆಯಲ್ಲಿ ಎಂಟು, ಒಂಬತ್ತು ದಿನವೂ ಆಗುತ್ತದೆ. ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಬರುವ ನೀರು ಅದು, ಬಂದ ದಿನ ತೊಟ್ಟಿ, ಡ್ರಮ್, ಕೊಡ ಎಲ್ಲ ತುಂಬಿಸಿ ಇಡಬೇಕು. ಮೊದಲ ವರ್ಷ ನಾನು ಇದನ್ನು ಯೋಚನೆ ಮಾಡಲೇ ಇಲ್ಲ. ಜಾಗ ಇದೆ ಅಂತ ಐದು ಮಡಿ, ಅಂದರೆ ಗಿಡ ಹಚ್ಚುವ ಪಾತಿ, ಮಾಡಿದೆ. ಮಾರ್ಚ್ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಎರಡು ಸಲ ಟ್ಯಾಂಕರ್ ನೀರು ತರಿಸಿದೆ. ಮೂರನೇ ಸಲ ತರಿಸಲು ಕೈ ನಡೆಯಲಿಲ್ಲ. ಮೂರು ಮಡಿಗೆ ನೀರು ನಿಲ್ಲಿಸಿದೆ. ಹೂವು ಬಿಟ್ಟಿದ್ದ ಬೆಂಡೆ ಗಿಡಗಳು ಒಂದೊಂದೇ ತಲೆ ಬಾಗಿಸಿ ಒಣಗಿದ್ದನ್ನು ನಾಲ್ಕು ದಿನ ನೋಡಿದೆ. ಮನಸ್ಸಿಗೆ ತುಂಬಾ ನೋವಾಯಿತು.

ಈಗ ಲೆಕ್ಕ ಹೇಳುತ್ತೇನೆ. ಮೂರು ಅಡಿ ಅಗಲ, ಆರು ಅಡಿ ಉದ್ದದ ಒಂದು ಮಡಿಗೆ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ 8ರಿಂದ 10 ಲೀಟರ್ ನೀರು ಬೇಕು. ಮಣ್ಣಿಗೆ ಹೊದಿಕೆ ಹಾಕಿದರೆ ಕಡಿಮೆಯಲ್ಲೂ ನಡೆಯುತ್ತದೆ. ನಮ್ಮ ಮನೆಯಲ್ಲಿ ನಾಲ್ಕು ಮಂದಿ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು, ಕುಡಿಯುವ ಕೊಡ ತೊಳೆದ ನೀರು ಎಲ್ಲ ಒಂದು ಬಕೆಟ್‌ಗೆ ಹಾಕಿದರೆ ದಿನಕ್ಕೆ 15ರಿಂದ 20 ಲೀಟರ್ ಸಿಗುತ್ತದೆ. ಅಂದರೆ ತೊಟ್ಟಿಯ ನೀರು ಮುಟ್ಟದೆ ಎರಡು ಮಡಿ ಆರಾಮಾಗಿ ಸಾಗುತ್ತವೆ. ಜೊತೆಗೆ ನಳ ಬಂದ ದಿನ ನಮ್ಮಲ್ಲಿ ಎಲ್ಲರೂ ಹಳೆ ನೀರು ಚೆಲ್ಲಿ ಹೊಸದು ತುಂಬಿಸುತ್ತಾರೆ, ಅಲ್ವಾ? ಆ ಹಳೆ ನೀರನ್ನು ಗಟಾರಕ್ಕೆ ಬಿಡಬೇಡಿ. ಅದು ನಾಲ್ಕು ಕುಂಡಕ್ಕೂ ಒಂದು ಹೀರೆ ಬಳ್ಳಿಗೂ ಸಾಕು.

ನೀವೂ ಎರಡು ದಿನ ಅಡುಗೆಮನೆಯಲ್ಲಿ ಒಂದು ಬಕೆಟ್ ಇಟ್ಟು ನೋಡಿ. ಎಷ್ಟು ಸೇರಿತೋ ಅದಕ್ಕೆ ತಕ್ಕಷ್ಟೇ ಮಡಿ ಮಾಡಿ. ಸೋಪಿನ ನೀರು, ಪಾತ್ರೆ ತಿಕ್ಕಿದ ನೀರು ಇದಕ್ಕೆ ಸೇರಿಸಬೇಡಿ. ಅದನ್ನು ಬಾಳೆಗೋ ತೆಂಗಿಗೋ ಹಾಕಿ.

ಎರೆಮಣ್ಣಿನ ಜೊತೆ

ಎರೆಮಣ್ಣನ್ನು ಬೈಯುವವರು ಜಾಸ್ತಿ. ಒದ್ದೆಯಾದರೆ ಚಪ್ಪಲಿಗೆ ಎರಡು ಕೆಜಿ ಅಂಟುತ್ತದೆ, ಒಣಗಿದರೆ ಕಲ್ಲು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆದರೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಇದಕ್ಕಿರುವಷ್ಟು ಮಸಾರಿ (ಕೆಂಪು) ಮಣ್ಣಿಗಿಲ್ಲ. ನೀರಿಲ್ಲದ ಊರಿನಲ್ಲಿ ಅದು ದೊಡ್ಡ ಗುಣ.

ಇದರ ಗುಟ್ಟೆಲ್ಲ ಹದದಲ್ಲಿದೆ. ಶಿವರಾತ್ರಿಗಿಂತ ಎರಡು ಮೂರು ವಾರ ಮೊದಲು ಮಡಿಯ ಜಾಗಕ್ಕೆ ನಾಲ್ಕೈದು ಬಕೆಟ್ ನೀರು ಹಾಕಿ ಎರಡು ದಿನ ಬಿಡಿ. ಮೂರನೇ ದಿನ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಕೆಳಗೆ ಬಿಡಿ. ಉಂಡೆ ನಾಲ್ಕೈದು ಚೂರಾಗಿ ಒಡೆದರೆ ಹದ ಬಂದಿದೆ. ಚಪ್ಪಟೆಯಾಗಿ ಕೂತರೆ ಇನ್ನೊಂದು ದಿನ ಕಾಯಿರಿ. ಹಸಿ ಇರುವಾಗ ಅಗೆದರೆ ಹೆಂಟೆಗಳು ಇಟ್ಟಿಗೆಯ ಹಾಗೆ ಒಣಗುತ್ತವೆ, ಆಮೇಲೆ ಆ ವರ್ಷ ಪೂರ್ತಿ ಅವು ಒಡೆಯುವುದಿಲ್ಲ. ಹದ ಬಂದ ದಿನ ಗುದ್ದಲಿಯಿಂದ ಒಂದು ಗೇಣು ಆಳ ಅಗೆದು ಬಿಸಿಲಿಗೆ ಬಿಡಿ. ಒಂದು ವಾರ ಬಿಸಿಲು ತಿಂದರೆ ಹೆಂಟೆಗಳು ತಾವೇ ಸಡಿಲವಾಗುತ್ತವೆ, ಹುಳದ ಮೊಟ್ಟೆಗಳೂ ಸಾಯುತ್ತವೆ.

ಎರೆಮಣ್ಣಿಗೆ ಮರಳು ಸೇರಿಸಿ ಎಂದು ಬಹಳ ಜನ ಹೇಳುತ್ತಾರೆ. ನಾನೂ ಎರಡು ಚೀಲ ಹಾಕಿ ನೋಡಿದೆ. ಅಷ್ಟು ಮರಳಿನಿಂದ ಏನೂ ಆಗಲಿಲ್ಲ. ಎರೆಮಣ್ಣನ್ನು ಬದಲಿಸುವುದು ತಿಪ್ಪೆಗೊಬ್ಬರ ಒಂದೇ. ಒಂದು ಮಡಿಗೆ 10ರಿಂದ 15 ಕೆಜಿ, ಅಂದರೆ ಗೌಂಡಿಗಳು ಸಿಮೆಂಟ್ ಹೊರುವ ಪುಟ್ಟಿಯಲ್ಲಿ ಒಂದೋ ಎರಡೋ. ಅದರ ಜೊತೆ ಕಾಲು ಕೆಜಿ ಬೇವಿನ ಹಿಂಡಿ. ಪ್ರತಿ ವರ್ಷ ಹೀಗೆ ಮಾಡಿದರೆ ಮೂರನೇ ವರ್ಷ ನಿಮಗೇ ಗೊತ್ತಾಗುತ್ತದೆ, ಕುರ್ಪಿ ಹಾಕಿದರೆ ಮಣ್ಣು ಪುಡಿಯಾಗಿ ಮೇಲೆ ಬರುತ್ತದೆ.

ಗೊಬ್ಬರ ಮಾತ್ರ ಪೂರ್ತಿ ಕಳಿತಿರಬೇಕು. ಎರಡನೇ ವರ್ಷ ನಾನು ಅರ್ಧ ಕಳಿತ ಸಗಣಿಗೊಬ್ಬರ ತಂದೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ. ಇಪ್ಪತ್ತು ಮೆಣಸಿನ ಸಸಿ ಹಚ್ಚಿದ್ದೆ, ಎರಡು ವಾರದಲ್ಲಿ ಹದಿನಾಲ್ಕು ಬಾಡಿದವು. ಒಂದನ್ನು ಕಿತ್ತು ನೋಡಿದರೆ ಬೇರೇ ಇಲ್ಲ, ಕೆಳಗೆ ಬಿಳಿ ಗೊಣ್ಣೆಹುಳು ಸುರುಳಿ ಸುತ್ತಿಕೊಂಡು ಕೂತಿತ್ತು. ಒಳ್ಳೆಯ ಗೊಬ್ಬರ ಗುರುತಿಸುವುದು ಸುಲಭ. ಕೈಯಲ್ಲಿ ಹಿಡಿದರೆ ಬಿಸಿ ಇರಬಾರದು. ಸಗಣಿ ವಾಸನೆ ಬರಬಾರದು, ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಕಪ್ಪಗೆ, ಚಹಾಪುಡಿಯ ಹಾಗೆ ಉದುರಬೇಕು.

ಮಡಿಯ ಆಕಾರದ ಬಗ್ಗೆ ಒಂದು ಮಾತು. ಏರು ಮಡಿ ಮಾಡಿ ಎಂದು ಎಲ್ಲ ಕಡೆ ಹೇಳುತ್ತಾರೆ. ಮಳೆಗಾಲಕ್ಕೆ ಅದು ಸರಿ. ನಮ್ಮ ಬೇಸಿಗೆಗೆ ಅದು ಸಲ್ಲದು, ಏರು ಮಡಿ ನಾಲ್ಕೂ ಕಡೆಯಿಂದ ಒಣಗುತ್ತದೆ. ಈಗ ಮಾಡುವ ಮಡಿ ನೆಲಕ್ಕಿಂತ ಎರಡು ಬೆರಳು ತಗ್ಗಿರಲಿ, ಸುತ್ತ ನಾಲ್ಕು ಬೆರಳು ಎತ್ತರದ ಬದು ಇರಲಿ. ಹಾಕಿದ ನೀರು ಒಂದು ಹನಿಯೂ ಹೊರಗೆ ಹೋಗಬಾರದು. ಜೂನ್‌ನಲ್ಲಿ ಮಳೆ ಹಿಡಿದಾಗ ಆ ಬದು ಒಡೆದು ನೀರು ಹೊರಗೆ ಬಿಟ್ಟರಾಯಿತು. ಅಗಲ ಮೂರು ಅಡಿಗಿಂತ ಜಾಸ್ತಿ ಬೇಡ. ಬದಿಯಲ್ಲಿ ಕೂತರೆ ಕೈ ನಡುವಿನವರೆಗೆ ಮುಟ್ಟಬೇಕು, ಒಳಗೆ ಕಾಲಿಡಬಾರದು.

ಬೆಳಗಿನ ಬಿಸಿಲು ಐದಾರು ಗಂಟೆ ಬೀಳುವ ಜಾಗ ಆರಿಸಿ. ಪಡುವಣ ಬಿಸಿಲು ಗೋಡೆಗೋ ಮರಕ್ಕೋ ಮರೆಯಾದರೆ ಇನ್ನೂ ಒಳ್ಳೆಯದು.

ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವರು ಗೋಡೆಗೆ ಹಚ್ಚುವ ಬಣ್ಣದ 20 ಲೀಟರ್ ಖಾಲಿ ಬಕೆಟ್‌ನಲ್ಲಿ ಬೆಳೆಯಬಹುದು. ತಳಕ್ಕೆ ಐದಾರು ತೂತು ಹಾಕಿ. ಆದರೆ ಅದಕ್ಕೆ ಬರೀ ಎರೆಮಣ್ಣು ತುಂಬಬೇಡಿ. ಒಣಗಿದಾಗ ಎರೆಮಣ್ಣು ಕುಗ್ಗಿ ಬಕೆಟ್‌ನ ಅಂಚು ಬಿಡುತ್ತದೆ, ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಿಂದ ಸೋರಿ ಕೆಳಗಿನ ಮನೆಯವರ ಅಂಗಳಕ್ಕೆ ಹೋಗುತ್ತದೆ. ಕೆಂಪು ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಕಲಸಿ ತುಂಬಿ.

ಬೀಜ

ನನ್ನ ಡ್ಯೂಟಿ ಬಹಳ ವರ್ಷ ಕುಂದಗೋಳ ಕಡೆಯ ವಸ್ತಿ ಗಾಡಿಯಲ್ಲಿತ್ತು. ರಾತ್ರಿ ಹಳ್ಳಿಯಲ್ಲೇ ಮಲಗಿ ಬೆಳಗಿನ ಜಾವ ಹೊರಡುವುದು. ಆ ಮೊದಲ ಟ್ರಿಪ್‌ನಲ್ಲಿ ಬುಟ್ಟಿ ಹೊತ್ತು ಹುಬ್ಬಳ್ಳಿ ಮಾರ್ಕೆಟ್‌ಗೆ ಬರುವ ಹೆಂಗಸರೇ ಜಾಸ್ತಿ. ಒಬ್ಬ ಅಜ್ಜಿಯ ಬುಟ್ಟಿಯಲ್ಲಿ ಬೆಂಡೆಕಾಯಿ ಇತ್ತು. ಗಿಡ್ಡ, ಐದು ಏಣಿನ ದಪ್ಪ ಕಾಯಿ, ಮೈಮೇಲೆ ಸಣ್ಣ ರೋಮ. ನಾನು ಟಿಕೆಟ್ ಕೊಡುತ್ತಾ ಕೇಳಿದೆ.

"ಯವ್ವಾ, ಇದು ಜವಾರಿ ಬೆಂಡಿ ಏನು?"

"ಹೂಂ ಯಪ್ಪಾ. ನಮ್ಮತ್ತಿ ಕಾಲದ್ದು. ಬೀಜಾ ಬೇಕೇನು?"

ಮುಂದಿನ ವಾರ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಬೀಜ ನನ್ನ ಕೈಗೆ ಹಾಕಿದರು. "ರಾತ್ರಿ ನೀರಾಗ ನೆನಿ ಹಾಕು. ಬೆಳಿಗ್ಗಿ ತೇಲಿದ್ದು ಒಗಿ, ಮುಳುಗಿದ್ದು ಊರು" ಅಂದರು. ನಾನು ಈಗಲೂ ಹಾಗೇ ಮಾಡುತ್ತೇನೆ. ಆ ಬೆಂಡೆ ಇವತ್ತಿಗೂ ನಮ್ಮ ಹಿತ್ತಲಲ್ಲಿದೆ.

ಜವಾರಿ ಬೀಜ ಸಿಕ್ಕರೆ ಬಿಡಬೇಡಿ. ರುಚಿ ಬೇರೆಯೇ ಇರುತ್ತದೆ, ಬೀಜ ಎತ್ತಿಡಬಹುದು. ಸಿಗದಿದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೀಜ ಸಿಗುತ್ತದೆ, ಪ್ರತಿ ವರ್ಷದ ಕೃಷಿ ಮೇಳದಲ್ಲಂತೂ ಬೀಜಕ್ಕೆ ಸಾಲು ನಿಂತಿರುತ್ತಾರೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಬೆಂಡೆಯಲ್ಲಿ ಅರ್ಕಾ ಅನಾಮಿಕಾ ಕೇಳಿ. ಹಳದಿ ನರದ ರೋಗ ತಡೆದುಕೊಳ್ಳಲಿ ಎಂದೇ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಯಾರಿಸಿದ ತಳಿ ಅದು. ಪೊಟ್ಟಣದ ಮೇಲೆ ತಾರೀಖು ನೋಡಿ. ಬೀಜಕ್ಕೆ ಗುಲಾಬಿ ಅಥವಾ ನೀಲಿ ಬಣ್ಣ ಹಚ್ಚಿದ್ದರೆ ಅದು ಔಷಧಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಅದನ್ನು ಅಡುಗೆಮನೆಯ ಬಟ್ಟಲಲ್ಲಿ ನೆನೆಹಾಕಬೇಡಿ.

ಹಳೆ ಬೀಜದ ಮೇಲೆ ಅನುಮಾನ ಇದ್ದರೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ವಾರ ಇಟ್ಟು ನೋಡಿ. ಏಳು ಮೊಳೆತರೆ ಧೈರ್ಯವಾಗಿ ಹಾಕಿ. ನಾಲ್ಕು ಮೊಳೆತರೆ ಎರಡು ಪಟ್ಟು ಹಾಕಿ. ಉಳ್ಳಾಗಡ್ಡಿ ಬೀಜ ಮಾತ್ರ ಒಂದು ವರ್ಷ ದಾಟಿದ್ದರೆ ನಂಬಬೇಡಿ.

ಎರಡು ಮಡಿಯಲ್ಲಿ ಏನೇನು

ಒಂದು ಮಡಿ ತಪ್ಪಲು ಪಲ್ಯಕ್ಕೆ, ಅಂದರೆ ಸೊಪ್ಪಿಗೆ, ಇನ್ನೊಂದು ಕಾಯಿಗೆ. ಗೋಡೆ ಪಕ್ಕ ಒಂದು ಬಳ್ಳಿ. ಮೊದಲ ವರ್ಷ ಇಷ್ಟೇ ಮಾಡಿ.

ತಪ್ಪಲು ಮಡಿಯ ರಾಜ ರಾಜಗಿರಿ ಸೊಪ್ಪು. ಬೇಸಿಗೆಗೆ ಹೆದರುವುದಿಲ್ಲ. ಶಿವರಾತ್ರಿಯಿಂದ ಯುಗಾದಿಗೆ ಸುಮಾರು ಒಂದು ತಿಂಗಳು, ರಾಜಗಿರಿ ಕೊಯ್ಲಿಗೆ ಬರುವುದು 25ರಿಂದ 30 ದಿನಕ್ಕೆ. ಹಾಗಾಗಿ ಹಬ್ಬದ ಹೊತ್ತಿಗೆ ನಿಮ್ಮದೇ ಹಿತ್ತಲಿನ ಪಲ್ಯ ತಾಟಿನಲ್ಲಿರುತ್ತದೆ. ಬೀಜ ರಾಗಿಗಿಂತ ಸಣ್ಣದು, ಹಾಗೇ ಎರಚಿದರೆ ಒಂದೇ ಕಡೆ ಬೀಳುತ್ತದೆ. ಒಂದು ಚಮಚ ಬೀಜಕ್ಕೆ ಎರಡು ಹಿಡಿ ಒಣ ಮರಳು ಕಲಸಿ ಎರಚಿ. ಮೇಲೆ ಜರಡಿ ಹಿಡಿದ ಗೊಬ್ಬರ ತೆಳ್ಳಗೆ ಉದುರಿಸಿ, ಕೈಯಿಂದ ನೀರು ಚಿಮುಕಿಸಿ. ತಂಬಿಗೆಯಿಂದ ಸುರಿದರೆ ಬೀಜ ಮೂಲೆಗೆ ಕೊಚ್ಚಿಹೋಗುತ್ತದೆ. ಮೂರರಿಂದ ಐದು ದಿನಕ್ಕೆ ಮೊಳಕೆ ಕಾಣುತ್ತದೆ. ಇರುವೆ ಬೀಜ ಹೊತ್ತೊಯ್ಯುತ್ತಿದ್ದರೆ ಮಡಿ ಸುತ್ತ ಒಲೆಬೂದಿಯ ಗೆರೆ ಎಳೆಯಿರಿ. ಪೂರ್ತಿ ಮಡಿಗೆ ಒಮ್ಮೆಲೇ ಹಾಕಬೇಡಿ. ಕಾಲು ಭಾಗಕ್ಕೆ ಈಗ, ಹತ್ತು ದಿನ ಬಿಟ್ಟು ಇನ್ನೊಂದು ಕಾಲು. ಆಗ ಒಂದೇ ವಾರ ಪಲ್ಯ ತಿಂದು ಬೇಸರವಾಗುವುದಿಲ್ಲ.

ಮೆಂತ್ಯ ಮಾರ್ಚ್ ಮಧ್ಯದವರೆಗೆ ನಡೆಯುತ್ತದೆ, ಆಮೇಲೆ ಬಿಸಿಲಿಗೆ ಬಡಕಲಾಗುತ್ತದೆ. ಕೊತ್ತಂಬರಿ ಬೇಕೆಂದರೆ ಕಾಳನ್ನು ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ನೆರಳಿನ ಮೂಲೆಗೆ ಹಾಕಿ. ಬಿಸಿಲಲ್ಲಿ ಅದು ಬೇಗ ಹೂವಿಗೆ ಹೋಗುತ್ತದೆ. ಪುಂಡಿ ಮಾತ್ರ ಗಟ್ಟಿ ಗಿಡ. ಬದುವಿನ ಮೇಲೆ ಆರೇಳು ಬೀಜ ಊರಿ ಮರೆತರೂ ರೊಟ್ಟಿ ಜೊತೆಗೆ ಪಲ್ಯ ಕೊಡುತ್ತದೆ.

ಕಾಯಿ ಮಡಿಯಲ್ಲಿ ಬೆಂಡೆ ಎರಡು ಸಾಲು. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ಹೀಗೆ ಹನ್ನೆರಡು ಗಿಡ ಕೂರುತ್ತವೆ. ನಮ್ಮ ನಾಲ್ಕು ಮಂದಿಗೆ ವಾರಕ್ಕೆ ಎರಡು ಸಲ ಪಲ್ಯಕ್ಕೆ ಅಷ್ಟು ಸಾಕಾಗಿದೆ. ಒಂದೊಂದು ಕಡೆ ಎರಡು ಬೀಜ ಊರಿ, ಒಂದು ಇಂಚು ಆಳ ಸಾಕು. ಐದಾರು ದಿನಕ್ಕೆ ಏಳುತ್ತವೆ, ಸೊರಗಿದ್ದನ್ನು ಕಿತ್ತು ಒಂದೇ ಬಿಡಿ. 45ರಿಂದ 50 ದಿನಕ್ಕೆ ಮೊದಲ ಕಾಯಿ. ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ತುದಿ ಬಾಗಿಸಿದರೆ ಟಪ್ ಅಂತ ಮುರಿಯಬೇಕು, ಬಾಗಿ ನಿಂತರೆ ನಾರು ಬಂದಿದೆ. ಬಲಿತ ಕಾಯಿ ಗಿಡದಲ್ಲೇ ಬಿಟ್ಟರೆ ಹೊಸ ಹೂವು ಕಡಿಮೆಯಾಗುತ್ತದೆ. ನಾನು ವಸ್ತಿಗೆ ಹೋದ ದಿನ ಮಗಳೇ ಕೊಯ್ಯುತ್ತಾಳೆ. ತೋಟ ಒಬ್ಬರ ಕೈಯಲ್ಲೇ ಇದ್ದರೆ ಕಷ್ಟ, ಮನೆಯಲ್ಲಿ ಇನ್ನೊಬ್ಬರಿಗಾದರೂ ಕಲಿಸಿಡಿ.

ಬೆಂಡೆ ಸಾಲಿನ ಎರಡೂ ಬದಿಗೆ, ಬದುವಿನ ಒಳಗೆ, ಚವಳಿ ಊರಬಹುದು. ಬೇಸಿಗೆಯಲ್ಲಿ ಇಷ್ಟು ಕಡಿಮೆ ನೀರಿನಲ್ಲಿ ಕಾಯಿ ಕೊಡುವ ಗಿಡ ಇನ್ನೊಂದಿಲ್ಲ. ಬದನೆಗೆ ಜಾಗ ಇದ್ದರೆ ನರ್ಸರಿಯಿಂದ ಮೂರು ಸಸಿ ತಂದು ಎರಡು ಅಡಿ ಬಿಟ್ಟು ಹಚ್ಚಿ, ಎಣ್ಣೆಗಾಯಿಗೆ ಸಾಕು. ಬೀಜದಿಂದ ಮಾಡುವುದಾದರೆ ಸಸಿಗೇ ಒಂದು ತಿಂಗಳ ಮೇಲೆ ಬೇಕು, ಸಂಕ್ರಾಂತಿಗೇ ಪಾತಿ ಮಾಡಿರಬೇಕು.

ಟೊಮೆಟೊ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತದೆ. ನೀರು, ಗೊಬ್ಬರ ಏನು ಕೊಟ್ಟರೂ ಅಷ್ಟೇ. ಶಿವರಾತ್ರಿಗೆ ಮೊದಲೇ ಬೆಳೆದ ಸಸಿ ಹಚ್ಚಿದ್ದರೆ ಒಂದಿಷ್ಟು ಸಿಗುತ್ತದೆ. ಇಲ್ಲದಿದ್ದರೆ ಜೂನ್‌ವರೆಗೆ ಕಾಯುವುದು ಒಳ್ಳೆಯದು. ಬ್ಯಾಡಗಿ ಮೆಣಸಿನಕಾಯಿಯೂ ಹಾಗೆಯೇ. ಹಾವೇರಿ ಕಡೆಯ ನಂಟರು ಬೀಜ ಕೊಟ್ಟರು ಅಂತ ಈಗಲೇ ಹಾಕಬೇಡಿ. ಅದು ಮುಂಗಾರಿನಲ್ಲಿ ಹಚ್ಚಿ ಚಳಿಗಾಲದಲ್ಲಿ ಕೆಂಪಾಗಿಸಿ ಒಣಗಿಸುವ ಬೆಳೆ. ಬೀಜ ಎತ್ತಿಡಿ, ಮಳೆಗೆ ಹಾಕಿ.

ಗಡಿಗೆ ನೀರು

ನಾನು ಎರಡೆರಡು ದಿನ ಮನೆಯಲ್ಲಿ ಇರುವುದಿಲ್ಲ. ಅದಕ್ಕೆ ಕಂಡುಕೊಂಡ ದಾರಿ ಇದು. ಕುಂಬಾರರ ಹತ್ತಿರ ನಾಲ್ಕೈದು ಲೀಟರ್ ಹಿಡಿಯುವ ಮಣ್ಣಿನ ಗಡಿಗೆ ತನ್ನಿ. ಒಳಗೂ ಹೊರಗೂ ಬಣ್ಣ ಹಚ್ಚಿರಬಾರದು. ನೀರು ತುಂಬಿಸಿ ಅರ್ಧ ಗಂಟೆ ಇಡಿ, ಹೊರಮೈ ತೇವವಾದರೆ ಅದು ಕೆಲಸಕ್ಕೆ ಬರುತ್ತದೆ. ಮಡಿಯ ನಡುವೆ ಕತ್ತಿನವರೆಗೆ ಹೂಳಿ, ಬಾಯಿಗೆ ಮುಚ್ಚಳ ಇಡಿ. ಮುಚ್ಚಳ ಮರೆಯಬೇಡಿ, ಸೊಳ್ಳೆ ಮೊಟ್ಟೆ ಇಡುತ್ತದೆ.

ಗಡಿಗೆಯ ನೀರು ಸಣ್ಣ ಸಣ್ಣ ರಂಧ್ರದಿಂದ ಜಿನುಗಿ ಬೇರಿನ ಹತ್ತಿರವೇ ಹೋಗುತ್ತದೆ. ಮಣ್ಣು ಒಣಗಿದಷ್ಟೂ ಜಾಸ್ತಿ ಜಿನುಗುತ್ತದೆ, ತೇವ ಇದ್ದರೆ ಕಡಿಮೆ. ಒಮ್ಮೆ ತುಂಬಿಸಿದರೆ ಎರಡು ಮೂರು ದಿನ ಬರುತ್ತದೆ. ಸುತ್ತ ಒಂದು ಗೇಣು ದೂರದಲ್ಲಿ ಸೌತೆ, ಬದನೆ, ಮೆಣಸಿನ ಗಿಡ ಇರಲಿ. ಒಂದು ಸಲ ಮಳೆಗಾಲಕ್ಕೆ ಮೊದಲು ಗಡಿಗೆ ಎತ್ತಿದಾಗ ನೋಡಿದೆ, ಸೌತೆಯ ಬಿಳಿ ಬೇರುಗಳು ಗಡಿಗೆಯ ಮೈಗೆ ಬಲೆ ನೇಯ್ದ ಹಾಗೆ ಅಂಟಿಕೊಂಡಿದ್ದವು. ಬೆರಳಿನಿಂದ ಮೆಲ್ಲಗೆ ಬಿಡಿಸಬೇಕಾಯಿತು. ಎರಡು ಮೂರು ವರ್ಷಕ್ಕೆ ರಂಧ್ರಗಳು ಉಪ್ಪು ಕಟ್ಟಿ ಮುಚ್ಚುತ್ತವೆ, ಆಗ ಗಡಿಗೆ ಬದಲಿಸಬೇಕು.

ಯುಗಾದಿ ದಾಟಿದ ಮೇಲೆ

ಸಸಿ ಒಂದು ಗೇಣು ಬಂದ ಕೂಡಲೇ ಮಣ್ಣಿಗೆ ಹೊದಿಕೆ ಹಾಕಿ. ಜೋಳದ ಕಣಿಕೆ ಕತ್ತರಿಸಿದ್ದು, ಶೇಂಗಾ ಹೊಟ್ಟು, ಕಬ್ಬಿನ ರವದಿ, ಒಣ ಎಲೆ, ಯಾವುದು ಸಿಗುತ್ತದೋ ಅದು. ನಾಲ್ಕು ಬೆರಳು ದಪ್ಪ ಇರಲಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಬಿಡಿ. ಎರೆಮಣ್ಣಿಗೆ ಇದು ಬೇಕೇ ಬೇಕು. ಬರೀ ಬಿಟ್ಟರೆ ಮಣ್ಣು ಬಿರಿಯುತ್ತದೆ, ಬಿರಿದರೆ ಬೇರು ಹರಿಯುತ್ತದೆ. ನೀರು ಹಾಕುವುದು ಬೆಳಿಗ್ಗೆ ಏಳರೊಳಗೆ ಅಥವಾ ಸೂರ್ಯ ಮುಳುಗಿದ ಮೇಲೆ. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಬೇಡಿ. ಸಂಜೆಯೂ ಜೋತೇ ಇದ್ದರೆ ಆಗ ನೀರು ಕೊಡಿ. ಏಪ್ರಿಲ್ ಎರಡನೇ ವಾರದಿಂದ ಪಡುವಣ ಬದಿಗೆ ಒಂದು ಹಳೆ ಕಾಟನ್ ಸೀರೆ ಕಟ್ಟುತ್ತೇವೆ. ಹಸಿರು ನೆರಳು ಬಲೆ ಕೊಂಡರೆ ಅರ್ಧ ಬಿಸಿಲು ತಡೆಯುವುದು ಸಾಕು.

ಹೂವು ಶುರುವಾದ ಮೇಲೆ ಹದಿನೈದು ದಿನಕ್ಕೊಮ್ಮೆ ಸಗಣಿ ನೀರು ಕೊಡಿ. ಒಂದು ಬಕೆಟ್ ನೀರಿಗೆ ಎರಡು ಹಿಡಿ ಸಗಣಿ, ಒಂದು ತುಂಡು ಬೆಲ್ಲ, ನಾಲ್ಕು ದಿನ ನೆರಳಲ್ಲಿಟ್ಟು ದಿನಾ ಕಲಕಿ. ಒಂದು ತಂಬಿಗೆಗೆ ಹತ್ತು ತಂಬಿಗೆ ನೀರು ಸೇರಿಸಿ ಬುಡಕ್ಕೆ ಹಾಕಿ. ಎಲೆಗೆ ಬೇಡ.

ಗೋಡೆ ಪಕ್ಕದ ಹೀರೆ ಬಳ್ಳಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲೇ ಬಹಳ ಜನ ಬೇಸತ್ತು ಬಳ್ಳಿ ಕಿತ್ತುಹಾಕುತ್ತಾರೆ. ಒಂದೂವರೆ ಅಡಿ ಗುಂಡಿ ತೆಗೆದು ಅರ್ಧ ಮಣ್ಣು, ಅರ್ಧ ಗೊಬ್ಬರ ತುಂಬಿ ಮೂರು ಬೀಜ ಊರಿ. ಹಂದರ ಹಾಕಿ, ಇಲ್ಲವೇ ಮಾಳಿಗೆಗೆ ಹಗ್ಗ ಕಟ್ಟಿ. ಬಳ್ಳಿ ಚೆನ್ನಾಗಿ ಹಬ್ಬುತ್ತದೆ, ಹೂವು ತುಂಬ ಬಿಡುತ್ತದೆ, ಕಾಯಿ ಇಲ್ಲ. ಮೊದಲು ಬರುವುದೆಲ್ಲ ಗಂಡು ಹೂವು. ಗೊಂಚಲಲ್ಲಿ ಇರುತ್ತವೆ. ಹೆಣ್ಣು ಹೂವು ಒಂಟಿಯಾಗಿ ಬರುತ್ತದೆ, ಅದರ ಹಿಂದೆ ಬೆರಳುದ್ದದ ಸಣ್ಣ ಹೀರೆಕಾಯಿಯೇ ಇರುತ್ತದೆ. ಹೀರೆಯ ಹೂವು ಅರಳುವುದು ಸಂಜೆ. ಆ ಹೊತ್ತಿಗೆ ಜೇನುಹುಳು ಗೂಡಿಗೆ ಹೋಗಿರುತ್ತವೆ, ಊರೊಳಗಿನ ಹಿತ್ತಲಿಗೆ ಬೇರೆ ಹುಳಗಳೂ ಕಡಿಮೆ.

ಹಾಗಾಗಿ ಆ ಕೆಲಸ ನಾನೇ ಮಾಡುತ್ತೇನೆ. ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆದು ಆರೂವರೆ ಹೊತ್ತಿಗೆ ಹಿತ್ತಲಿಗೆ ಹೋದರೆ ಹಳದಿ ಹೂವುಗಳು ಆಗಷ್ಟೇ ಬಿಚ್ಚಿರುತ್ತವೆ, ಸಣ್ಣ ಸುವಾಸನೆ ಇರುತ್ತದೆ. ಒಂದು ಗಂಡು ಹೂವು ಕಿತ್ತು ಪಕಳೆಗಳನ್ನು ಹಿಂದಕ್ಕೆ ಮಡಚಿ. ನಡುವಿನ ಹಳದಿ ಪುಡಿ ಬೆರಳಿಗೆ ಅಂಟುತ್ತದೆಯೋ ನೋಡಿ. ಅದನ್ನು ಹೆಣ್ಣು ಹೂವಿನ ನಡುವಿನ ಹಸಿರು ಮೊಗ್ಗಿನಂಥ ಭಾಗಕ್ಕೆ ಮೆಲ್ಲಗೆ ಮುಟ್ಟಿಸಿ, ಸುತ್ತಲೂ ಒಮ್ಮೆ ಆಡಿಸಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು. ಮೂರು ನಾಲ್ಕು ದಿನ ಬಿಟ್ಟು ನೋಡಿ. ಕೂಡಿದ್ದರೆ ಕಾಯಿ ಹಸಿರಾಗಿ ದಪ್ಪವಾಗುತ್ತಿರುತ್ತದೆ, ಇಲ್ಲದಿದ್ದರೆ ಹಳದಿಯಾಗಿ ಉದುರುತ್ತದೆ. ಸೌತೆಗೆ ಈ ತೊಂದರೆ ಇಲ್ಲ, ಅದರ ಹೂವು ಬೆಳಿಗ್ಗೆ ಅರಳುತ್ತದೆ, ಜೇನುಹುಳುಗಳೇ ನೋಡಿಕೊಳ್ಳುತ್ತವೆ.

ಹುಳ, ರೋಗ, ಮಂಗ

ಬೆಂಡೆಯ ಎಲೆಯಲ್ಲಿ ನರಗಳು ಮಾತ್ರ ಹಳದಿಯಾಗಿ ಬಲೆಯ ಹಾಗೆ ಕಂಡರೆ ಆ ಗಿಡವನ್ನು ಅವತ್ತೇ ಬೇರುಸಹಿತ ಕಿತ್ತುಹಾಕಿ. ಅದಕ್ಕೆ ಔಷಧಿ ಇಲ್ಲ. ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಒಂದು ಗಿಡದ ಆಸೆಗೆ ಹನ್ನೊಂದು ಗಿಡ ಕಳೆದುಕೊಳ್ಳಬೇಡಿ. ಬಿಳಿನೊಣ, ಹೇನು ತಡೆಯಲು ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ, ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಅಡಿಭಾಗ ಮುಖ್ಯ, ಅವು ಕೂರುವುದೇ ಅಲ್ಲಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಹೀರೆ, ಸೌತೆಯ ಎಳೆ ಎಲೆ ತೂತು ಮಾಡುವ ಕೆಂಪು ದುಂಬಿಯನ್ನು ಬೆಳಗಿನ ಜಾವ ಕೈಯಿಂದಲೇ ಹಿಡಿಯಬಹುದು, ಆಗ ಅದು ಮಂಕಾಗಿ ಕೂತಿರುತ್ತದೆ. ಎಲೆಗೆ ಸ್ವಲ್ಪ ನೀರು ಚಿಮುಕಿಸಿ ಬೂದಿ ಉದುರಿಸಿದರೂ ದೂರ ಇರುತ್ತದೆ.

ಧಾರವಾಡದ ಕಡೆ ಮಂಗಗಳ ಕಾಟ ಜಾಸ್ತಿ. ಅಲ್ಲಿಯ ಗೆಳೆಯರು ಸೌತೆ, ಟೊಮೆಟೊ ಬಿಟ್ಟು ಪುಂಡಿ, ಮೆಣಸಿನಕಾಯಿ, ಹಾಗಲಕಾಯಿ ಬೆಳೆಯುತ್ತಾರೆ. ಮಂಗ ಅವನ್ನು ಅಷ್ಟಾಗಿ ಮುಟ್ಟುವುದಿಲ್ಲವಂತೆ.

ಏಪ್ರಿಲ್ ಕೊನೆಗೆ ಅಡ್ಡಮಳೆ ಶುರುವಾಗುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ, ನಮ್ಮ ಹಿತ್ತಲಿಗೂ ಅದು ಹಬ್ಬವೇ. ಗಾಳಿಗೆ ಮೊದಲು ಹಂದರದ ಹಗ್ಗ ಒಮ್ಮೆ ಬಿಗಿ ಮಾಡಿ, ಬದನೆ, ಮೆಣಸಿನ ಗಿಡಕ್ಕೆ ಕೋಲು ಕಟ್ಟಿ. ಮಳೆ ಬಿದ್ದ ಮೇಲೆ ಎರಡು ದಿನ ಮಡಿಯ ಹತ್ತಿರ ಓಡಾಡಬೇಡಿ, ಒದ್ದೆ ಎರೆಮಣ್ಣು ತುಳಿದರೆ ಗಟ್ಟಿಯಾಗುತ್ತದೆ.

ಮೇ ತಿಂಗಳಲ್ಲಿ ಬೆಂಡೆಕಾಯಿ ಜೋರಾಗಿ ಬರುತ್ತಿರುವಾಗಲೇ ಬೀಜಕ್ಕೆ ಬಿಡಬೇಕು. ಕೊನೆಗೆ ಉಳಿದ ಸೊಟ್ಟ ಕಾಯಿ ಬೀಜಕ್ಕೆ ಅಂತ ಬಿಡುವವರೇ ಜಾಸ್ತಿ, ಅದು ತಪ್ಪು. ಎಲ್ಲಕ್ಕಿಂತ ಚೆನ್ನಾಗಿರುವ, ರೋಗ ಬಾರದ ಗಿಡ ಆರಿಸಿ, ಅದರ ನಡುವಿನ ಮೂರು ಕಾಯಿಗೆ ಕೆಂಪು ದಾರ ಕಟ್ಟಿ. ಮನೆಯವರು ತಪ್ಪಿ ಕೊಯ್ಯಬಾರದು ಅಂತ. ಕಾಯಿ ಕಂದಾಗಿ, ಏಣುಗಳು ಬಿರಿಯಲು ಶುರುವಾದಾಗ ಕಿತ್ತು ನೆರಳಲ್ಲಿ ಒಂದು ವಾರ ಒಣಗಿಸಿ. ಹೈಬ್ರಿಡ್ ಗಿಡದ ಬೀಜ ಎತ್ತಿಡಬೇಡಿ, ಮುಂದಿನ ಸಲ ಅದೇ ಕಾಯಿ ಬರುವುದಿಲ್ಲ. ಒಣಗಿದ ಬೀಜಕ್ಕೆ ಒಂದು ಚಮಚ ಬೂದಿ ಕಲಸಿ ಕಾಗದದಲ್ಲಿ ಕಟ್ಟಿ, ಒಣ ಬೇವಿನ ಎಲೆ ಹಾಕಿದ ಡಬ್ಬಿಯಲ್ಲಿಡಿ. ಪೊಟ್ಟಣದ ಮೇಲೆ ಬೀಜದ ಹೆಸರು, ವರ್ಷ, ಬೀಜ ಕೊಟ್ಟವರ ಊರು ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಮಳೆಗಾಲದ ತಂಪಿಗೆ ಹರಡುತ್ತದೆ.